ಮೆಟ್ಟಿಲಿಲ್ಲದ ಮದುವೆ

ನನಗೆ ಈಚೆಗೆ ಒಂದು ಚಟ ಅಂಟಿಕೊಂಡಿದೆ. ಅರವತ್ತೈದು ದಾಟಿದವನಿಗೆ ಹೊಸ ಚಟ ಅಂದ ಕೂಡಲೇ ನೀವು ಏನೇನೋ ಊಹಿಸಿಕೊಳ್ಳಬೇಡಿ. ಮೆಟ್ಟಿಲು ಎಣಿಸುವ ಚಟ, ಅಷ್ಟೇ. ಎಲ್ಲಿಗೆ ಹೋದರೂ ಮೊದಲು ಕಣ್ಣು ಕೆಳಗೆ ಹೋಗುತ್ತದೆ. ದಿಲ್‌ಸುಖ್‌ನಗರದಲ್ಲಿ ನಾನು ಮೂವತ್ತು ವರ್ಷದಿಂದ ಅಂಗಿ ಬಟ್ಟೆ ಕೊಳ್ಳುವ ಅಂಗಡಿಗೆ ಐದು ಮೆಟ್ಟಿಲು, ಅದರಲ್ಲಿ ಮೂರನೆಯದು ಉಳಿದವುಗಳಿಗಿಂತ ಎತ್ತರ. ನನ್ನ ಹಲ್ಲಿನ ಡಾಕ್ಟರ ಹತ್ತಿರ ಹೋಗಲು ಹದಿನೆಂಟು, ಹಿಡಿದುಕೊಳ್ಳಲು ಏನೂ ಇಲ್ಲ. ಅಮೀರ್‌ಪೇಟ್ ಮೆಟ್ರೋದಲ್ಲಿ ಲಿಫ್ಟು ಬಿಟ್ಟು ಮೆಟ್ಟಿಲು ಹತ್ತುತ್ತಾ ನಡುವೆ ಲೆಕ್ಕ ತಪ್ಪಿ, ಮತ್ತೆ ಕೆಳಗಿಳಿದು ಮೊದಲಿನಿಂದ ಶುರುಮಾಡಿದೆ. ಕೋಚಿಂಗ್ ಕ್ಲಾಸಿಗೆ ಹೊರಟಿದ್ದ ಹುಡುಗಿಯೊಬ್ಬಳು ಗಾಬರಿಯಾಗಿ "ಅಂಕುಲ್, ಏಮೈಂದಿ?" ಎಂದು ನನ್ನ ರಟ್ಟೆ ಹಿಡಿದುಕೊಂಡಳು. ಏನಾಗಿದೆಯೆಂದು ಆಕೆಗೆ ಹೇಗೆ ಹೇಳಲಿ?

ಮೊನ್ನೆ ಗುಡಿಯಲ್ಲಿ ನನ್ನ ಹೆಂಡತಿ ಗಿರಿಜಾ ಎಲ್ಲರೆದುರಿಗೇ ಗದರಿದಳು. "ಎಲ್ಲಾರೂ ದೇವರ ಮುಖಾ ನೋಡಾಕ ಬರ್ತಾರ, ನೀವು ಪಾವಟಿಗಿ ಎಣಸಾಕ ಬರ್ತೀರೇನ್ರಿ?" ನಮ್ಮ ಕಡೆ ಮೆಟ್ಟಿಲಿಗೆ ಪಾವಟಿಗೆ ಅನ್ನುತ್ತಾರೆ. "ಹನ್ನೊಂದು" ಅಂದೆ ನಾನು. ಆಕೆ ಹಣೆ ಬಡಿದುಕೊಂಡು ಮುಂದೆ ನಡೆದಳು.

ಈ ಚಟ ಹತ್ತಿದ್ದು ನಮ್ಮ ಮಗಳು ಸುಮಾಳ ಮದುವೆಯ ತಯಾರಿಯಲ್ಲಿ. ಸರಿಯಾಗಿ ಹೇಳಬೇಕೆಂದರೆ ಮದುವೆಯಿಂದಲೂ ಅಲ್ಲ. ಆ ಮದುವೆಗೆ ನಮ್ಮ ಶಾಂತಕ್ಕ ಬರುತ್ತಾಳೋ ಇಲ್ಲವೋ ಎಂಬ ಪ್ರಶ್ನೆಯಿಂದ. ಶಾಂತಕ್ಕ ನನಗಿಂತ ಐದು ವರ್ಷ ದೊಡ್ಡವಳು, ನನ್ನ ಒಬ್ಬಳೇ ಅಕ್ಕ. ತಾರ್ನಾಕದ ನಮ್ಮ ಮನೆಯಲ್ಲಿ ನಮ್ಮ ಜೊತೆಗೇ ಇದ್ದಾಳೆ. ಎರಡು ವರ್ಷದ ಕೂಸಾಗಿದ್ದಾಗ ಪೋಲಿಯೋ ಬಂದು ಬಲಗಾಲು ಸೊರಗಿತು. ಬಗಲಿಗೆ ಒಂದು ಕೋಲು. ಮನೆಯೊಳಗೆ ಅದೂ ಬೇಡ, ಗೋಡೆ ಹಿಡಿದು ಓಡಾಡುತ್ತಾಳೆ. ನಲವತ್ತು ವರ್ಷ ಓಣಿಯ ಮಕ್ಕಳಿಗೆಲ್ಲ ಮನೆಯಲ್ಲೇ ಗಣಿತ ಹೇಳಿಕೊಟ್ಟಳು. ಬಾಯಿ ಮಾತ್ರ ಭಾರಿ ಚುರುಕು.

ಸುಮಾ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಾಳೆ. ಹುಡುಗ ಶ್ರೀಕಾಂತ ಅದೇ ಶಾಲೆಯ ಡ್ರಾಯಿಂಗ್ ಮಾಸ್ತರ, ತೆಲುಗು ಮನೆಯವನು. ಎಲ್ಲ ಒಪ್ಪಿಗೆಯಾಗಿ ನಾನು ಫಂಕ್ಷನ್ ಹಾಲು ಗೊತ್ತುಮಾಡಲು ಹೊರಟಿದ್ದೆ. ನಮ್ಮ ಹೈದರಾಬಾದಿನಲ್ಲಿ ಹೆಣ್ಣಿನ ತಂದೆಯ ಶಾನು, ಅಂದರೆ ಠೀವಿ, ಇರುವುದೇ ಹಾಲಿನಲ್ಲಿ. ಕಮಾನು, ಕಾರಂಜಿ, ಗಾಜಿನ ದೀಪದ ಗೊಂಚಲು, ಎತ್ತರದ ವೇದಿಕೆಯ ಮೇಲೆ ಸಿಂಹಾಸನದಂಥ ಎರಡು ಕುರ್ಚಿ. ನಾನು ಸಫಾರಿ ಸೂಟು ಹಾಕಿಕೊಂಡು ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಅತ್ತರು ಹಚ್ಚುವುದನ್ನು ಕನಸಿನಲ್ಲಿ ಎಷ್ಟೋ ಸಲ ಕಂಡಿದ್ದೆ.

"ಹಾಲ್ ಬ್ಯಾಡಪ್ಪಾ" ಅಂದಳು ಸುಮಾ. "ಶ್ರೀಕಾಂತನ ಮನಿಯವರದು ಘಟ್‌ಕೇಸರ್ ದಾಟಿದ ಮ್ಯಾಲ ಮಾವಿನ ತ್ವಾಟ ಐತೆಲ್ಲ, ಅಲ್ಲೇ ಗಿಡದ ಬುಡಕ ಮಾಡೂಣು. ಪ್ಲಾಸ್ಟಿಕ್ ಬ್ಯಾಡ, ಥರ್ಮೋಕೋಲ್ ಬ್ಯಾಡ, ಮೈಕ್ ಬ್ಯಾಡ, ಜನರೇಟರ್ ಬ್ಯಾಡ, ಪಾವಟಿಗಿ ಒಂದೂ ಬ್ಯಾಡ."

"ಅಪ್ಪ ಆದ್ರೂ ಬೇಕೋ, ಅಂವನೂ ಬ್ಯಾಡೋ?"

"ನೀ ಬೇಕು. ಅತ್ತಿನೂ ಬೇಕು. ಅತ್ತಿ ನನ್ನ ಕಳಸಗಿತ್ತಿ ಆಗಬೇಕು."

ಒಳಗೆ ಚಪಾತಿ ಲಟ್ಟಿಸುತ್ತಿದ್ದ ಗಿರಿಜಾಳ ಕೈ ನಿಂತದ್ದು ಹೊರಗೆ ಕೂತ ನನಗೆ ಗೊತ್ತಾಯಿತು. ಅಕ್ಕಿಕಾಳು ಬೀಳುವ ಹೊತ್ತಿಗೆ, ಎಂದರೆ ಎಲ್ಲರೂ ಅಕ್ಷತೆ ಎಸೆಯುವ ಮುಹೂರ್ತಕ್ಕೆ, ಮದುಮಗಳ ಬೆನ್ನ ಹಿಂದೆ ಕಳಸ ಹಿಡಿದು ನಿಲ್ಲುವವಳು ಕಳಸಗಿತ್ತಿ. ಅಕ್ಕನೋ ತಂಗಿಯೋ ಸೋದರತ್ತೆಯೋ ಆ ಜಾಗದಲ್ಲಿರುತ್ತಾರೆ. ಅದಕ್ಕೇನು, ಬೇಕಾದಷ್ಟು ಮಂದಿ ಸಿಗುತ್ತಾರೆ. ಆದರೆ ಶಾಂತಕ್ಕ? ನನಗೆ ನೆನಪಿರುವ ಮಟ್ಟಿಗೆ ಆಕೆ ಯಾವ ಮದುವೆಗೂ ಹೋದವಳಲ್ಲ.

ಹೋದವಳಲ್ಲ ಎಂದರೆ ಮದುವೆಯಲ್ಲಿ ಆಕೆಯ ಪಾಲಿಲ್ಲ ಎಂದಲ್ಲ ಮತ್ತೆ. ನಮ್ಮಪ್ಪ ರಾಯಚೂರು ಕಡೆಯಿಂದ ಸರ್ಕಾರಿ ನೌಕರಿ ಹಿಡಿದು ಹೈದರಾಬಾದಿಗೆ ಬಂದವರು. ಬಂಧುಗಳ ಪೈಕಿ ಅರ್ಧ ಇಲ್ಲಿ, ಅರ್ಧ ಅಲ್ಲಿ. ಯಾರ ಮನೆಯ ಮದುವೆಯಾದರೂ ಅದರ ಅರ್ಧ ಕೆಲಸ ನಮ್ಮ ಪಡಸಾಲೆಯಲ್ಲೇ ಆಗುತ್ತಿತ್ತು. ಊರಿನಿಂದ ರೈಲಿನಲ್ಲಿ ಒಣ ಮುತ್ತುಗದ ಎಲೆಯ ಕಟ್ಟು ಬರುತ್ತಿದ್ದವು. ಹಿಂದಿನ ದಿನ ನೀರು ಚಿಮುಕಿಸಿ ಗೋಣಿಚೀಲ ಮುಚ್ಚಿಡಬೇಕು, ಇಲ್ಲವಾದರೆ ಎಲೆ ಪಟಪಟ ಒಡೆಯುತ್ತವೆ. ಆಮೇಲೆ ನಾನೂ ಅಕ್ಕನೂ ಎದುರುಬದುರು ಕೂತು ಸಣ್ಣ ಕಡ್ಡಿಯಿಂದ ಊಟದ ಪತ್ರೋಳಿ ಹಚ್ಚುತ್ತಿದ್ದೆವು. ಆ ಹಸಿ ಎಲೆಯ ವಾಸನೆ ಇವತ್ತಿಗೂ ನನಗೆ ಮದುವೆಯ ವಾಸನೆ. ನಾನು ಒಂದು ಮುಗಿಸುವಷ್ಟರಲ್ಲಿ ಅಕ್ಕ ಹತ್ತು ಮುಗಿಸುತ್ತಿದ್ದಳು. ನನ್ನ ಪತ್ರೋಳಿಯಲ್ಲಿ ಸಾರು ಬಡಿಸಿದರೆ ಉಂಡವನ ಧೋತರಕ್ಕೇ ಹೋಗುತ್ತಿತ್ತು. ಆಕೆ ನನ್ನವನ್ನು ಬೇರೆ ಪೇರಿಸಿಟ್ಟು "ಇವು ಬೀಗರಿಗೆ" ಎಂದು ನಗುತ್ತಿದ್ದಳು.

ಬಾಸಿಂಗಕ್ಕೆ ಮಣಿ ಪೋಣಿಸುವವಳು ಆಕೆ, ಹೋಳಿಗೆಗೆ ಹೂರಣ ಅರೆಯುವವಳು ಆಕೆ. ಮದುವೆಯ ದಿನ ಬೆಳಿಗ್ಗೆ ಎಲ್ಲರೂ ಜರಿ ಸೀರೆ ಉಟ್ಟು ಹೊರಟಾಗ ಯಾರಾದರೂ ಬಾಯಿ ತೆರೆಯುವ ಮೊದಲೇ ತಾನೇ ಹೇಳಿಬಿಡುತ್ತಿದ್ದಳು: "ಮನಿ ಕಾಯಾಕ ಒಬ್ರು ಬೇಕಲ್ಲ. ನೀವ್ ನಡೀರಿ." ನಮಗೂ ನಿರಾಳವಾಗುತ್ತಿತ್ತು. ನಿರಾಳವಾಗುತ್ತಿತ್ತು ಎಂದು ಬರೆಯಲು ನನಗೆ ಈಗ ಕಷ್ಟವಾಗುತ್ತದೆ, ಆದರೂ ಅದೇ ನಿಜ. ಅಪ್ಪ ಮಾತ್ರ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಲು ಸುಮ್ಮಸುಮ್ಮನೆ ಹೊತ್ತು ಮಾಡುತ್ತಿದ್ದರು.

ಸಂಜೆ ಡಬ್ಬಿಯಲ್ಲಿ ಊಟ ತಂದುಕೊಟ್ಟ ಮೇಲೆ ನನ್ನ ವಿಚಾರಣೆ ಶುರು. ಹೋಳಿಗೆ ತೆಳ್ಳಗಿತ್ತೋ ದಪ್ಪಗಿತ್ತೋ? ಎಣ್ಣೆಗಾಯಿಗೆ ಗುರೆಳ್ಳು ಹಾಕಿದ್ದರೋ? ಹುಡುಗಿ ಅತ್ತಳೇ? ಬೀಗರು ಯಾತಕ್ಕೆ ಸಿಟ್ಟಾದರು? ನಾನು ಇಡೀ ದಿನ ಓರಗೆಯವರ ಜೊತೆ ಕುಂಟಲಿಪಿ ಆಡಿಕೊಂಡಿದ್ದವನು, ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಆಕೆ ನಾಲ್ಕು ಜನರನ್ನು ಕೇಳಿ, ನನ್ನ ಸುಳ್ಳನ್ನು ತೆಗೆದುಹಾಕಿ, ಮದುವೆಯನ್ನು ಪೂರಾ ಕಟ್ಟಿಕೊಳ್ಳುತ್ತಿದ್ದಳು. ವಾರದ ಮೇಲೆ ಆಕೆ ಆ ಮದುವೆಯ ಸುದ್ದಿ ಹೇಳಿದರೆ, ಅದಕ್ಕೆ ಹೋಗಿಬಂದ ಪಕ್ಕದ ಮನೆಯವರೇ "ಹೌದಾ? ನಾನು ನೋಡಲೇ ಇಲ್ಲ" ಎಂದು ಬಾಯಿ ಬಿಡುತ್ತಿದ್ದರು.

ನನ್ನ ಮದುವೆಗೂ ಆಕೆ ಬರಲಿಲ್ಲ. ಹಾಲು ಮೊದಲನೇ ಮಹಡಿಯಲ್ಲಿತ್ತು. ನನ್ನ ರುಮಾಲು ಸುತ್ತಿಕೊಟ್ಟವಳು ಆಕೆ. ಸಂಜೆ ಗಿರಿಜಾಳನ್ನು ಕರೆತಂದಾಗ ಬಾಗಿಲಲ್ಲಿ ಆರತಿ ಎತ್ತಿದವಳು ಆಕೆ. ನಡುವೆ ಏನಿತ್ತೋ ಅದರಲ್ಲಿ ಆಕೆ ಇಲ್ಲ. ಸುಮಾ ಸಣ್ಣವಳಿದ್ದಾಗ ಆಲ್ಬಮ್ ಪೂರಾ ತಿರುವಿಹಾಕಿ "ಅತ್ತಿ ಎಲ್ಲಿ?" ಎಂದು ಕೇಳಿದ್ದಳು. "ಫೋಟೋ ತಗಿಯೂ ಹೊತ್ತಿನ್ಯಾಗ ಅಡಗಿ ಮನ್ಯಾಗ ಇದ್ದಿರಬೇಕು" ಅಂದಿದ್ದೆ. ಮಗುವಿಗೆ ಹಾಗೆ ಸುಳ್ಳು ಹೇಳುವಾಗ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಸುಮಾ ಅದನ್ನು ನಂಬಿಯೂ ಇರಲಿಲ್ಲ. ಅದಕ್ಕೇ ಈಗ ಪಟ್ಟು ಹಿಡಿದಿದ್ದಳು: ಅತ್ತೆ ಕಳಸ ಹಿಡಿದರೆ ಮದುವೆ, ಇಲ್ಲವಾದರೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಎರಡು ಸಹಿ.

ನಾನು ಮೂವತ್ತೈದು ವರ್ಷ ಸರ್ಕಾರಿ ಕಚೇರಿಯಲ್ಲಿ ಟಿಪ್ಪಣಿ ಬರೆದವನು. ಕೂಡಲೇ ಒಂದು ಫೈಲು ತೆರೆದೆ. ಅಕ್ಕನಿಗೆ ಗೊತ್ತಾಗದಂತೆ ಎಲ್ಲ ಇಂತಜಾಮು ಮಾಡಿ, ಕಡೆಗೆ ಆಕೆಯನ್ನು ಬೆರಗುಗೊಳಿಸುವುದು ನನ್ನ ಯೋಜನೆ. ಹಳ್ಳಿಯ ಸೊಗಡಿನ ಮದುವೆ ಅಂದಮೇಲೆ ಕುರ್ಚಿ ಯಾಕೆ, ಹುಲ್ಲಿನ ಪೆಂಡಿ ಇಟ್ಟರಾಯಿತು ಎಂದು ನಾನೇ ಸೂಚಿಸಿದೆ. ತೋಟದಲ್ಲಿ ನಾಲ್ಕು ಪೆಂಡಿ ಇಟ್ಟು ನೋಡಿದೆವು. ಭಾಳ ಚಂದ ಕಂಡಿತು. ನಮ್ಮ ಬೀಗರು, ಶ್ರೀಕಾಂತನ ತಂದೆ ನರಸಿಂಹಲು ಅವರು, ಒಳ್ಳೆ ದಪ್ಪ ಆಳು. ಖುಷಿಯಿಂದ ಕೂತರು. ಕೂತವರು ಹಾಗೇ ಒಳಗಿಳಿಯುತ್ತಾ ಹೋದರು. "ಬಾವಗಾರೂ, ಲೇಪಂಡಿ!" ಎಂದು ಕೈ ಚಾಚಿದರು. ಎಬ್ಬಿಸಲು ಹೋದ ನಾನು ಅವರ ಮೇಲೇ ಬಿದ್ದೆ. ಬೀಗರ ಮೊದಲ ಆಲಿಂಗನ ಹಾಗೆ ಆಯಿತು. ಫೈಲಿನಲ್ಲಿ ಹುಲ್ಲಿನ ಮೇಲೆ ಗೀಟು ಎಳೆದೆ.

ಆಮೇಲೆ ದಾರಿಗೆ ಕೆಂಪು ಮರಳು ಹಾಸಿದೆವು. ಬಾಡಿಗೆಗೆ ತಂದ ಗಾಲಿಕುರ್ಚಿ ಅದರಲ್ಲಿ ಹೂತು ನಿಂತಿತು. ಆಮೇಲೆ ವಧೂವರರಿಗೆಂದು ಕಟ್ಟಿದ ವೇದಿಕೆಗೆ ಹಲಗೆಯ ಇಳಿಜಾರು. ಅದರ ನಕ್ಷೆ ನನ್ನದೇ. ಪರೀಕ್ಷೆಗೆ ನಾನೇ ಗಾಲಿಕುರ್ಚಿಯಲ್ಲಿ ಕೂತೆ, ಶ್ರೀಕಾಂತ ಹಿಂದಿನಿಂದ ತಳ್ಳಿದ. ಅರ್ಧ ಹತ್ತುವಷ್ಟರಲ್ಲಿ ಅವನ ಚಪ್ಪಲಿ ಜಾರಿತು. ನಾನು ಹಿಮ್ಮುಖವಾಗಿ ಇಳಿದು, ತೋರಣಕ್ಕೆಂದು ತರಿದಿಟ್ಟಿದ್ದ ಮಾವಿನೆಲೆಯ ಗುಡ್ಡೆಯೊಳಗೆ ಹೋಗಿ ನಿಂತೆ.

ಆಗ ಯಾರೋ ಗಟ್ಟಿಯಾಗಿ ನಕ್ಕರು. ಶ್ರೀಕಾಂತನ ತಮ್ಮ ವಂಶಿ. ಇಪ್ಪತ್ತೆರಡು ವರ್ಷದ ಆಳೆತ್ತರದ ಹುಡುಗ. ಮಾತು ಬಹಳ ಕಡಿಮೆ, ಮುಖ ನೋಡಿ ಮಾತಾಡುವುದಿಲ್ಲ. ಗಟ್ಟಿ ಸದ್ದು ಕೇಳಿದರೆ ಎರಡೂ ಕಿವಿ ಮುಚ್ಚಿಕೊಂಡು ನೆಲಕ್ಕೆ ಕುಸಿಯುತ್ತಾನೆ. ಲೆಕ್ಕವೆಂದರೆ ಮಾತ್ರ ಪ್ರಾಣ. ಹೋದಲ್ಲೆಲ್ಲ ಮೆಟ್ಟಿಲು ಎಣಿಸುತ್ತಾನೆ. ನನಗೆ ಈ ಚಟ ಹತ್ತಿದ್ದು ಅವನಿಂದಲೇ. ಅವನು ನನ್ನ ಹಲಗೆಯನ್ನು ನೋಡಿ "ಒಕಟಿಕಿ ಪನ್ನೆಂಡು" ಅಂದ. ಒಂದಕ್ಕೆ ಹನ್ನೆರಡು. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಬೇಕಂತೆ. ಶ್ರೀಕಾಂತ ಫೋನಿನಲ್ಲಿ ಹುಡುಕಿ ನೋಡಿದ, ಹೌದು. ಎರಡಡಿ ವೇದಿಕೆಗೆ ಇಪ್ಪತ್ತನಾಲ್ಕು ಅಡಿ ಹಲಗೆ ಜೋಡಿಸಿ, ಎರಡೂ ಕಡೆ ಚೆಂಡುಹೂ ಕಟ್ಟಿ, ಫೋಟೋ ತೆಗೆದುಕೊಂಡು ರಾಜನ ಹಾಗೆ ಮನೆಗೆ ಬಂದೆ.

ಶಾಂತಕ್ಕ ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

"ಭಾಳ ಚಂದ ಐತಿ. ನಾ ಬರಂಗಿಲ್ಲ."

"ಯಾಕಕ್ಕಾ?"

"ಅಷ್ಟುದ್ದ ರಸ್ತಾ, ಆಕಡಿ ಈಕಡಿ ಹೂವು, ಅದರ ಮ್ಯಾಲ ನಾ ಒಬ್ಬಾಕಿನ ಹೋಗಬೇಕು, ನಾನೂರು ಮಂದಿ ನಿಂತು ನೋಡಬೇಕು. ಲಗ್ನ ಸುಮಾಂದೋ ನಂದೋ?"

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಇಷ್ಟೆಲ್ಲ ಯಾರ ಸಲುವಾಗಿ ಮಾಡಾಕತ್ತೀವಿ ನಾವು? ಇನ್ನೇನ್ ಮಾಡಬೇಕು ಹೇಳು!" ಎಂದು ಕೂಗಾಡಿದೆ. ಆಕೆ ಸೊಪ್ಪಿನಿಂದ ತಲೆ ಎತ್ತಲಿಲ್ಲ. ಸುಮಾ ಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು. ಎರಡು ದಿನ ಮನೆಯಲ್ಲಿ ಮಿಕ್ಸಿಯ ಸದ್ದೊಂದೇ.

ಮೂರನೆಯ ದಿನ ಬೆಳಿಗ್ಗೆ ಚಹಾ ಕಪ್ಪು ಹಿಡಿದು ಆಕೆಯ ಮಂಚದ ಹತ್ತಿರ ಹೋದೆ. ತಪ್ಪೊಪ್ಪಿಗೆಯ ಮಾತು ನನಗೆ ಬರುವುದಿಲ್ಲ, ಫೈಲಿನ ಭಾಷೆಯಲ್ಲೇ ಹೇಳಿದೆ: "ವೇದಿಕಿ ತಗದಬಿಡ್ತೀವಿ. ಇಳಿಜಾರೂ ಬ್ಯಾಡ. ಎಲ್ಲಾರಿಗೂ ನೆಲದ ಮ್ಯಾಲ, ಒಂದ ಹಾದಿ. ಈಗ ಬರ್ತೀಯಾ?"

ಆಕೆ ಚಹಾ ಕುಡಿದು ಮುಗಿಸಿದಳು. ಆಮೇಲೆ ಕೇಳಿದಳು: "ಬಸ್ಯಾ, ನಿಮ್ಮ ತ್ವಾಟದಾಗ ಸಂಡಾಸ ಎಲ್ಲೈತಿ?"

ನಾನು ತಬ್ಬಿಬ್ಬಾದೆ. ಪಂಪುಸೆಟ್ಟಿನ ಹಿಂದೆ ಒಂದಿದೆ, ಕುಕ್ಕರುಗಾಲಿನಲ್ಲಿ ಕೂರುವಂಥದ್ದು, ಎರಡು ಮೆಟ್ಟಿಲು ಹತ್ತಬೇಕು. ನನ್ನ ಫೈಲಿನಲ್ಲಿ ಹೂವಿಗೆ ನಾಲ್ಕು ಹಾಳೆ ಇದ್ದವು, ಅದಕ್ಕೆ ಒಂದು ಸಾಲೂ ಇರಲಿಲ್ಲ.

ಅಕ್ಕ ನಕ್ಕುಬಿಟ್ಟಳು. "ಇಷ್ಟ್ ವರ್ಸ ಆತು, ಎಲ್ಲಾರೂ ಪಾವಟಿಗಿ ಪಾವಟಿಗಿ ಅಂತೀರಿ. ಪಾವಟಿಗಿ ನನಗೇನ್ ಮಾಡತಾವೋ ಹುಚ್ಚಪ್ಪ? ಒಂದೊಂದರ ಮ್ಯಾಲ ಕುಂತು ಕುಂತು ಏರತಿದ್ದೆ. ಏರಿದ ಮ್ಯಾಲ ಹನ್ನೆರಡು ತಾಸು ನಾ ಏನ್ ಮಾಡಬೇಕು?"

ಆಮೇಲೆ ಹೇಳಿದಳು. ಹದಿನೆಂಟು ವರ್ಷದವಳಿದ್ದಾಗ ಒಂದು ಮದುವೆಗೆ ಹೋಗಿದ್ದಳಂತೆ, ನಮ್ಮ ದೊಡ್ಡಪ್ಪನ ಮಗಳದು. ನನಗೆ ನೆನಪೇ ಇಲ್ಲ. ಅಲ್ಲಿನ ಸಂಡಾಸದಲ್ಲಿ ಕೂರಲಾಗುವುದಿಲ್ಲ ಎಂದು ಗೊತ್ತಿದ್ದರಿಂದ ಹಿಂದಿನ ದಿನ ಮಧ್ಯಾಹ್ನದಿಂದ ಒಂದು ಹನಿ ನೀರು ಕುಡಿದಿರಲಿಲ್ಲ. ಬೇಸಿಗೆ. ಅಕ್ಕಿಕಾಳಿಗೆ ಇನ್ನೂ ಹೊತ್ತಿರುವಾಗಲೇ ಕಣ್ಣು ಕತ್ತಲೆ ಬಂದು ಬಿದ್ದಳು. ಬಿಸಿಲಿಗೆ ಹೀಗಾಯಿತು ಎಂದರು ಎಲ್ಲರೂ. ಅಪ್ಪ ರಿಕ್ಷಾದಲ್ಲಿ ಮನೆಗೆ ಕರೆತಂದರು. ಮರುದಿನ ತಾವೇ ಉಳಿ ಸುತ್ತಿಗೆ ಹಿಡಿದು ಬಚ್ಚಲಮನೆಯ ಗೋಡೆಗೆ ಒಂದು ಕಬ್ಬಿಣದ ಕಂಬಿ ಕೂರಿಸಿದರು.

ಆ ಕಂಬಿ ನನಗೆ ಗೊತ್ತು. ನಾನು ಐವತ್ತು ವರ್ಷ ಅದರ ಮೇಲೆ ನನ್ನ ಟವೆಲ್ಲು ಒಣಗಿಸಿದ್ದೇನೆ. ದಿನಾಲೂ ಅಕ್ಕ ಆ ಹಸಿ ಟವೆಲ್ಲನ್ನು ಸರಿಸಿ ಕಂಬಿ ಹಿಡಿದುಕೊಂಡಿರಬೇಕು. ಒಂದು ದಿನವೂ ತೆಗೆಯೋ ಎನ್ನಲಿಲ್ಲ.

"ಮತ್ತ ಯಾಕ ಹೇಳಲಿಲ್ಲಕ್ಕಾ ಇಷ್ಟ್ ದಿನ?"

"ಲಗ್ನದ ಮನ್ಯಾಗ ಮಂದಿ ಹೋಳಿಗಿ ಮಾತಾಡ್ತಾರೋ, ಸಂಡಾಸದ ಮಾತಾಡ್ತಾರೋ?"

ನಾನು ಎದ್ದು ಬಂದೆ. ಅಡುಗೆಮನೆಯಲ್ಲಿ ಗಿರಿಜಾ ಇದ್ದಳು. ಎಲ್ಲ ಕೇಳಿಸಿಕೊಂಡಿದ್ದಳೆಂದು ಕಾಣುತ್ತದೆ. "ನೀನೂ ಏನು, ಲಗ್ನಕ್ಕ ಹೋದ್ರ ನೀರು ಕುಡಿಯಂಗಿಲ್ಲೇನು?" ಎಂದು ಕೇಳಿದೆ. ಆಕೆ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು.

"ಮತ್ತ?" ಅಂದಳು.

ಮೂವತ್ತೇಳು ವರ್ಷದ ಸಂಸಾರ. ಎಷ್ಟು ಮದುವೆಗೆ ಜೊತೆಯಲ್ಲಿ ಹೋಗಿದ್ದೇವೆ! ನಾನು ಎರಡು ಸಲ ಪಾನಕ ಕುಡಿದು, ಮಜ್ಜಿಗೆ ಕುಡಿದು, ಗಿಡದ ಮರೆಗೆ ಹೋಗಿಬಂದು, ಹೆಂಗಸರೇಕೆ ಬೇಗ ಮನೆಗೆ ಹೋಗೋಣ ಅನ್ನುತ್ತಾರೋ ಎಂದು ಗೊಣಗಿದ್ದೇನೆ.

ಬೀಗರಿಗೆ ಫೋನು ಮಾಡುವುದು ನನ್ನ ಬದುಕಿನ ಕಷ್ಟದ ಕೆಲಸಗಳಲ್ಲಿ ಒಂದು. ಹುಡುಗಿಯ ತಂದೆಯಾಗಿ ಹುಡುಗನ ತಂದೆಗೆ, ನನ್ನ ಹರಕು ತೆಲುಗಿನಲ್ಲಿ, ಮದುವೆಗೆ ಬೇಕಾದ ಮುಖ್ಯ ವಸ್ತು ಸಂಡಾಸು ಎಂದು ತಿಳಿಸಬೇಕಿತ್ತು. ತಡವರಿಸಿ ಮುಗಿಸಿದೆ. ಸಂಬಂಧ ಮುರಿಯಿತೆಂದೇ ತಿಳಿದೆ. ಆಮೇಲೆ ನರಸಿಂಹಲು ಮೆಲ್ಲಗೆ, "ಮಾ ಅಮ್ಮ ಕೂಡಾ ಅಂತೇ, ಬಾವಗಾರೂ" ಅಂದರು. ಅವರ ತಾಯಿಯೂ ಹಾಗೇ. ಮಂಡಿ ಮಡಚಲಾಗದೆ ಹತ್ತು ವರ್ಷದಿಂದ ಯಾವ ಸಮಾರಂಭಕ್ಕೂ ಹೋಗಿಲ್ಲ. ವಯಸ್ಸಾಯಿತು, ಆಸಕ್ತಿ ಇಲ್ಲ ಎಂದುಕೊಂಡಿದ್ದರಂತೆ ಮಗ.

ಮರುದಿನವೇ ತೋಟದಲ್ಲಿ ಕೆಲಸ ಹತ್ತಿತು. ಬಿದಿರಿನ ತಟ್ಟಿ ಕಟ್ಟಿ, ಸುಣ್ಣ ಬಳಿದ ಎರಡು ಕೋಣೆ. ಅಗಲ ಬಾಗಿಲು, ಹೊಸ್ತಿಲಿಲ್ಲ, ಗಟ್ಟಿಸಿದ ಸಮ ನೆಲ. ನೀರು ಸುರಿಯುವ ಬದಲು ಬೂದಿ ಮತ್ತು ಕಟ್ಟಿಗೆ ಹೊಟ್ಟು ಹಾಕುವ ಗುಂಡಿ; ವರ್ಷ ಕಳೆದ ಮೇಲೆ ಮಾವಿನ ಗಿಡಕ್ಕೆ ಗೊಬ್ಬರವೆಂದು ಸುಮಾಳ ವಿಜ್ಞಾನ. ಕಟ್ಟಿ ಮುಗಿಸುವ ಮೊದಲೇ ಶಾಂತಕ್ಕ ಕಾರಿನಲ್ಲಿ ಬಂದಿಳಿದಳು. "ಕೇಳದ ಮಾಡಿದ್ದು ಒಮ್ಮೆ ಸಾಕು" ಅಂದಳು.

ನಾನು ಆ ದಿನ ನೋಡಿದ ಅಕ್ಕನನ್ನು ಮೊದಲೆಂದೂ ನೋಡಿರಲಿಲ್ಲ. ಒಳಗೆ ಹೋದಳು, ಕೂತಳು, ಎದ್ದಳು, ಮತ್ತೆ ಕೂತಳು. "ಎಡಗಡಿ ಕಂಬಿ ಒಂದು ಗೇಣು ಕೆಳಗ. ಚಿಲಕ ಬೆರಳಲೆ ಅಲ್ಲ, ಅಂಗೈಲೆ ದಬ್ಬಿದ್ರ ಬೀಳಬೇಕು. ಕೋಲು ಇಡಾಕ ಒಂದು ಮೂಲಿ. ಸೀರಿ ಸೆರಗು ಹಾಕಾಕ ಒಂದು ಗೂಟ." ವಂಶಿ ಟೇಪು ಹಿಡಿದು ಹಿಂದೆ ಹಿಂದೆ. ಅವನು ಅಳತೆ ಹೇಳುತ್ತಾನೆ, ಈಕೆ ಬಾಯಿಲೆಕ್ಕ ಹಾಕುತ್ತಾಳೆ. ಇವಳಿಗೆ ತೆಲುಗು ಅಷ್ಟಕ್ಕಷ್ಟೆ, ಅವನಿಗೆ ಕನ್ನಡ ಬಾರದು, ಇಬ್ಬರಿಗೂ ಏನೂ ಅಡ್ಡಿಯಾಗಲಿಲ್ಲ. ಮದುವೆಗಳಿಗೆ ಹೋಗದೆಯೇ ಆಕೆಗೆ ಮದುವೆಯೆಂದರೆ ಎಲ್ಲಿ ಏನು ತಪ್ಪುತ್ತದೆಂದು ಎಲ್ಲ ಗೊತ್ತಿತ್ತು. ಕೈ ತೊಳೆಯುವ ನೀರು ಊಟದ ಜಾಗದಿಂದ ದೂರ ಇರಬಾರದು. "ಕೆಳಗ ಕುಂತು ಉಣ್ಣೂದು ನೋಡಾಕ ಚಂದ. ಎಬ್ಬಸವರು ಯಾರು, ನೀ ಬರ್ತೀಯೇನು? ಬೀಗರನ್ನ ಎಬ್ಬಸೂದ ನೋಡೀವಲ್ಲ." ಹುಲ್ಲಿನ ಪೆಂಡಿಯ ಕಥೆ ಆಕೆಗೆ ಸುಮಾ ಹೇಳಿಬಿಟ್ಟಿದ್ದಳು. ನನ್ನ ಇಪ್ಪತ್ತನಾಲ್ಕು ಅಡಿ ಇಳಿಜಾರು ಬಿಚ್ಚಿ ಊಟದ ಬೆಂಚು ಮಾಡಿದೆವು.

ಉಳಿದದ್ದು ಮೇಳ. ಅಕ್ಕಿಕಾಳು ಬೀಳುವಾಗ ಡೋಲು, ಸನಾದಿ ಒಟ್ಟಿಗೆ ಭೋರ್ಗರೆಯಬೇಕು, ಅದೇ ರೂಢಿ. "ಆ ಹೊತ್ತಿನ್ಯಾಗ ಮೇಳ ಬ್ಯಾಡ" ಅಂದಳು ಅಕ್ಕ. ನಾನು ಹಾರಿಬಿದ್ದೆ. ಹಾಲು ಹೋಯಿತು, ಸಿಂಹಾಸನ ಹೋಯಿತು, ಮೈಕು ಹೋಯಿತು, ಇನ್ನು ಗಟ್ಟಿಮೇಳವೂ ಇಲ್ಲವೆಂದರೆ ಇದು ಮದುವೆಯೋ ಶೋಕಸಭೆಯೋ?

"ಬಸ್ಯಾ, ವಂಶಿ ಅಣ್ಣನ ಲಗ್ನದಾಗ ಇರಬೇಕೋ ಬ್ಯಾಡೋ?" ಅಂದಳು ಅಕ್ಕ. "ಏನ್, ಅವನ್ನೂ ಮನಿ ಕಾಯಾಕ ಇಡೂಣೇನು?"

ನಾನು ಫೈಲು ಮುಚ್ಚಿದೆ.

ಮದುವೆಯ ದಿನ ಮಾವಿನ ಗಿಡಗಳು ಹೂ ಬಿಟ್ಟಿದ್ದವು. ನೆರಳಿನಲ್ಲಿ ನಾಲ್ಕು ಕಂಬದ ಚಪ್ಪರ, ಸಾರಿಸಿದ ಸಮ ನೆಲ, ವಧೂವರರಿಗೆ ಒಂದು ಮರದ ಬೆಂಚು. ಸನಾದಿಯವರು ಬಹಳ ದೂರದಲ್ಲಿ, ಬಾವಿಯ ಆಚೆ, ಮೆಲ್ಲಗೆ ನುಡಿಸುತ್ತಿದ್ದರು. ನರಸಿಂಹಲು ಅವರ ತಾಯಿ ಮುಂದಿನ ಸಾಲಿನಲ್ಲಿ ಕೂತು ಬಂದಬಂದವರ ಹತ್ತಿರ ಪಾನಕ ಕೇಳಿ ಕುಡಿಯುತ್ತಿದ್ದರು. ನಮ್ಮ ರಾಯಚೂರು ಬಂಧುಗಳು ಚಪ್ಪರವನ್ನು ಹೊಗಳಲಿಲ್ಲ, ತೋರಣವನ್ನು ಹೊಗಳಲಿಲ್ಲ. ಹೆಂಗಸರೆಲ್ಲ ಬಿದಿರು ಕೋಣೆಗಳಿಗೆ ಹೋಗಿಬಂದು "ಏನ್ ಚಲೋ ಮಾಡ್ಯಾರವಾ!" ಎಂದು ಒಬ್ಬರಿಗೊಬ್ಬರು ಹೇಳಿದ್ದೇ ಹೇಳಿದ್ದು. ನನಗೆ ಅತ್ತರು ಹಚ್ಚಿ ಗಳಿಸುವ ಶಾನಿಗಿಂತ ಇದು ಹೆಚ್ಚೆನಿಸಿತು.

ಶಾಂತಕ್ಕ ಹಸಿರು ಇಳಕಲ್ ಸೀರೆ ಉಟ್ಟು ಎಲ್ಲರ ಜೊತೆ ಒಂದೇ ದಾರಿಯಲ್ಲಿ ನಡೆದು ಬಂದಳು. ಯಾರೂ ತಿರುಗಿ ನೋಡಲಿಲ್ಲ. ಸುಮಾಳ ಬೆನ್ನ ಹಿಂದೆ ಕೈಯಿರುವ ಕುರ್ಚಿಯಲ್ಲಿ ಕೂತು, ವೀಳ್ಯದೆಲೆ ತೆಂಗಿನಕಾಯಿ ಇಟ್ಟ ಹಿತ್ತಾಳೆಯ ಕಳಸವನ್ನು ತೊಡೆಯ ಮೇಲೆ ಎತ್ತಿ ಹಿಡಿದಳು. ನಮ್ಮ ಸಣ್ಣಕಾಕಿ ಸುಮ್ಮನಿರಲಾರದೆ ಕೇಳಿದಳು: "ಅಯ್ನೋರ, ಕಳಸಗಿತ್ತಿ ಕುಂತು ಹಿಡೀಬಹುದೇನ್ರಿ? ಮತ್ತ ವಯಸ್ಸೂ..."

ಅಯ್ಯನವರು ಮಂತ್ರದ ನಡುವೆ ಕಣ್ಣು ಮಾತ್ರ ತೆರೆದರು. "ಕಳಸ ನೆಲಕ್ಕ ಮುಟ್ಟಬಾರದು. ಅಷ್ಟ ಐತ್ರಿ ನಿಯಮ. ವಯಸ್ಸಿನ ಮಾತು ನಿಮಗೂ ಬ್ಯಾಡ, ನನಗೂ ಬ್ಯಾಡ."

ನಾನು ಅಕ್ಕನ ಪಕ್ಕದಲ್ಲೇ ನಿಂತಿದ್ದೆ. ವಂಶಿ ಆಕೆಯ ಇನ್ನೊಂದು ಪಕ್ಕ. ಮಂತ್ರ ಮುಗಿಯುತ್ತಾ ಬಂತು. ದೂರದ ಸನಾದಿಯೂ ನಿಂತಿತು. ವಧೂವರರ ನಡುವಿನ ತೆರೆ ಸರಿಯಿತು. ನಾನೂರು ಜನ ಒಟ್ಟಿಗೆ ಕೈ ಎತ್ತಿದರು. ಡೋಲಿಲ್ಲ, ಮೈಕಿಲ್ಲ, ಯಾರ ಬಾಯಲ್ಲೂ ಮಾತಿಲ್ಲ. ಆ ನಿಶ್ಶಬ್ದದಲ್ಲಿ ಅಕ್ಷತೆ ಬಿತ್ತು. ಹಿತ್ತಾಳೆಯ ಮೇಲೆ ಒಂದು ಬಗೆ, ತೆಂಗಿನಕಾಯಿಯ ಮೇಲೆ ಒಂದು ಬಗೆ, ಸೀರೆಗಳ ಮೇಲೆ ಒಂದು ಬಗೆ, ಚಪ್ಪರದಾಚೆಯ ಒಣಗಿದ ಎಲೆಗಳ ಮೇಲೆ ಮತ್ತೊಂದು ಬಗೆ. ವಂಶಿಯ ಕೈ ಕಿವಿಗೆ ಹೋಗಿರಲಿಲ್ಲ.

ಅಕ್ಕ ಕಳಸ ಬಿಡದೆ ನನ್ನ ಕಡೆ ತಿರುಗಿದಳು. ರೆಪ್ಪೆಯ ಮೇಲೆಲ್ಲ ಅಕ್ಕಿ. ಕೆನ್ನೆ ಒದ್ದೆ.

"ಬಸ್ಯಾ, ಅಕ್ಕಿಕಾಳಿಗೆ ಇಂಥಾ ಸಪ್ಪಳ ಇರತೈತೇನೋ? ಎಲ್ಲಾ ಲಗ್ನದ್ದೂ ಎಲ್ಲಾ ಕೇಳಿದ್ದೆ ನಿನ್ನ. ಇದನ್ನ ಒಮ್ಮೆರ ಹೇಳಲಿಲ್ಲಲ್ಲೋ ನೀ."

ನೂರಾರು ಮದುವೆಗಳಲ್ಲಿ ಮುಂದಿನ ಸಾಲಿನಲ್ಲಿ ನಿಂತು ಅಕ್ಷತೆ ಎಸೆದವನು ನಾನು.

"ನನಗೂ ಈಗ ಗೊತ್ತಾತಕ್ಕಾ" ಅಂದೆ.